ಕಾಂಗರೂ ನೋಡಲು ಬಂದ ಅಣ್ಣ

ನನ್ನ ಅಣ್ಣ, ಅವನ ಹೆಂಡತಿ ನಮ್ಮ ವೈನಿ ಆಸ್ಟ್ರೇಲಿಯಾಕ್ಕೆ ಬಂದದ್ದು ಕಾಂಗರೂ ನೋಡಲು. ನಮ್ಮೂರು ಡೋಣಿಯಲ್ಲಿ ಅರ್ಧ ಊರಿಗೆ ಅವರು ಹಾಗೆಯೇ ಹೇಳಿ ಬಂದಿದ್ದರು. ಗದಗಿಗೆ ಹೋಗಬೇಕೆಂದರೂ ಎರಡು ದಿನ ಮೊದಲೇ ಅಂಗಿ ಇಸ್ತ್ರಿ ಮಾಡಿಸಿ, ಹೋಗಲೋ ಬೇಡವೋ ಎಂದು ಕಟ್ಟೆಯ ಮೇಲೆ ನಾಲ್ಕು ಜನರನ್ನು ಕೇಳುವ ನನ್ನ ಅಣ್ಣ, ಐವತ್ತು ದಾಟಿದ ಮೇಲೆ ಪಾಸ್‌ಪೋರ್ಟ್ ಮಾಡಿಸಿ, ಎರಡು ಕಡೆ ವಿಮಾನ ಬದಲಿಸಿ, ಒಂದು ಜಿಗಿಯುವ ಪ್ರಾಣಿಯ ಮುಖ ನೋಡಲು ಬಂದಿದ್ದಾನೆ ಎಂಬುದನ್ನು ನಾನು ನಂಬಿದೆ. ಸರಿಯಾಗಿ ಮೂರು ದಿನ ನಂಬಿದೆ.

ನಾವಿರುವ ಊರು ಟೂವೂಂಬಾ. ಬ್ರಿಸ್ಬೇನಿನಿಂದ ಸುಮಾರು ಎರಡು ತಾಸಿನ ಹಾದಿ. ಲಕ್ಷ್ಮೇಶ್ವರದವನಾದ ನನ್ನ ಗಂಡ ಇಲ್ಲಿ ಟ್ರ್ಯಾಕ್ಟರ್, ಕಾಳು ರಾಶಿ ಮಾಡುವ ಯಂತ್ರ ರಿಪೇರಿ ಮಾಡುವ ಗ್ಯಾರೇಜಿನಲ್ಲಿ ಫಿಟ್ಟರ್. ನಾನು ಒಂದು ವೃದ್ಧಾಶ್ರಮದಲ್ಲಿ ಮುದುಕ ಮುದುಕಿಯರಿಗೆ ಸ್ನಾನ ಮಾಡಿಸುತ್ತೇನೆ, ಊಟ ಮಾಡಿಸುತ್ತೇನೆ. ಊರಲ್ಲಿ ಎಲ್ಲರೂ ನನ್ನನ್ನು ನರ್ಸ್ ಅನ್ನುತ್ತಾರೆ. ಅದನ್ನು ತಿದ್ದುವಷ್ಟು ಸತ್ಯವಂತೆ ನಾನಲ್ಲ.

ವಿಮಾನ ನಿಲ್ದಾಣದಲ್ಲೇ ಅಣ್ಣನ ಮೊದಲ ಜಗಳ ಆಯಿತು. ಇಲ್ಲಿನ ಅಧಿಕಾರಿಗಳಿಗೆ ಹೊರಗಿನ ಕಾಳುಕಡಿ, ಬೀಜ ಎಂದರೆ ಬಾಂಬು ಕಂಡಷ್ಟು ಭಯ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬಿಟ್ಟರು, ಹಸಿ ಎಳ್ಳಿನ ಗಂಟು ಮಾತ್ರ ಕಸದ ಡಬ್ಬಿಗೆ ಹಾಕಿದರು. ಅಣ್ಣ ಹೊರಗೆ ಬಂದವನೇ, ಐದು ವರ್ಷದ ನಂತರ ಕಂಡ ತಂಗಿಗೆ ಹೇಳಿದ ಮೊದಲ ಮಾತು ಇದು: "ಎಳ್ಳ ಒಗದರು ನೋಡ ಬೇ. ಅಮಾಸಿಗೆ ಏನ್ ಮಾಡೂದು?"

ಮೂರನೇ ದಿನ ಬೆಳಗ್ಗೆ ವೈನಿ ಸ್ನಾನಕ್ಕೆ ಹೋಗುತ್ತಾ, "ಪುಂಡಿ ಚಟ್ನಿ ಡಬ್ಬಿ ನಮ್ಮ ದೊಡ್ಡ ಸೂಟ್‌ಕೇಸಿನ್ಯಾಗ ಐತಿ, ತಗೋ" ಅಂದಳು. ತೆಗೆದೆ. ಡಬ್ಬಿಯ ಕೆಳಗೆ, ಅಣ್ಣನ ಧೋತರದ ಮಡಿಕೆಯಲ್ಲಿ ಒಂದು ಪ್ಲಾಸ್ಟಿಕ್ ಕವರ್. ಕವರಿನಲ್ಲಿ ಎರಡು ಕಾಗದ. ಎರಡರಲ್ಲೂ ನನ್ನ ಹೆಸರು. ನನ್ನ ಹೆಸರಿರುವ ಕಾಗದವನ್ನು ಓದದೇ ಮಡಿಚಿಡುವಷ್ಟು ಸಂಸ್ಕಾರ ನನಗೆ ಯಾರೂ ಕಲಿಸಿಲ್ಲ.

ಡೋಣಿಯಲ್ಲಿ ಕಪ್ಪತಗುಡ್ಡದ ಮಗ್ಗುಲಿಗೆ ನಮ್ಮಪ್ಪನ ಎಂಟು ಎಕರೆ ಎರೆಹೊಲ ಇದೆ. ಅಪ್ಪ ಹೋದ ಮೇಲೆ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಅಣ್ಣನ ಹೆಸರೂ ಬಂತು, ನನ್ನ ಹೆಸರೂ ಬಂತು. ಮೊದಲನೆಯ ಕಾಗದ ಗಾಳಿಯಿಂದ ಕರೆಂಟು ತೆಗೆಯುವ ಒಂದು ಕಂಪನಿಗೆ ಬರೆದ ಒಪ್ಪಿಗೆ ಪತ್ರದ ನಕಲು. ನನ್ನ ಪಾಲಿನ ಹೊಲದಲ್ಲಿ ಹಾದಿ ಮಾಡಿಕೊಂಡು ಗಾಳಿ ಫ್ಯಾನು ನಿಲ್ಲಿಸಲು ನನ್ನದೇನೂ ತಕರಾರು ಇಲ್ಲ ಎಂದು ಅದರಲ್ಲಿತ್ತು. ಕೆಳಗೆ ನನ್ನ ಸಹಿಯೂ ಇತ್ತು. ನಾನು ಮಾಡದ ನನ್ನ ಸಹಿ. ಎರಡನೆಯದು ಮುಖತ್ಯಾರ ಪತ್ರ, ಆ ಹೊಲದ ಎಲ್ಲ ವ್ಯವಹಾರವನ್ನೂ ನನ್ನ ಪರವಾಗಿ ಅಣ್ಣನೇ ಮಾಡಬಹುದೆಂದು. ಅದರಲ್ಲಿ ಸಹಿಯ ಜಾಗ ಖಾಲಿ ಇತ್ತು. ಯಾಕೆ ಖಾಲಿ ಎಂಬುದೂ ತಿಳಿಯಿತು. ಅದಕ್ಕೆ ಪರದೇಶದಲ್ಲಿರುವ ನಮ್ಮ ದೇಶದ ಕಚೇರಿಯ ಮುದ್ರೆ ಬೇಕು, ಆ ಅಧಿಕಾರಿಯ ಮುಂದೆ ನಾನೇ ಹೋಗಿ ನಿಲ್ಲಬೇಕು. ಅಲ್ಲಿ ಅಣ್ಣನ ಕೈಚಳಕ ನಡೆಯುವುದಿಲ್ಲ.

ಆ ಕೈಯನ್ನು ನಾನು ನೋಡಿದ ಕೂಡಲೇ ಗುರುತಿಸಿದೆ. ಗಣಿತದಲ್ಲಿ ನನಗೆ ಹದಿನೇಳು ಬಂದಾಗ ಪ್ರಗತಿ ಪತ್ರದ ಮೇಲೆ ಅಪ್ಪನ ಸಹಿ ಮಾಡಿ ನನ್ನ ಬೆನ್ನು ಉಳಿಸಿದ್ದು ಅದೇ ಕೈ. ಒಂದು ಸಲ ಅಲ್ಲ, ಏಳನೇ ಇಯತ್ತೆ ಪೂರ್ತಿ. ಆಗ ಆ ಕೈಗೆ ನಾನು ನನ್ನ ಪಾಲಿನ ಬೆಲ್ಲದುಂಡಿ ಕೊಟ್ಟಿದ್ದೆ. ಹೀಗಾಗಿ ಸುಳ್ಳು ಸಹಿಯ ವಿರುದ್ಧ ಭಾಷಣ ಮಾಡುವ ಅರ್ಹತೆ ನನಗೆ ಇಲ್ಲ. ಆದರೂ ನನಗೆ ನೋವಾಯಿತು, ಸುತ್ತಿಬಳಸಿ ಹೇಳುವುದೇಕೆ. ಆ ಹೊಲಕ್ಕೆ ನಾನು ಕಾಲಿಟ್ಟು ಏಳೆಂಟು ವರ್ಷವಾಗಿತ್ತು. ಅದರ ಮೇಲೆ ಆಸೆ ಇತ್ತೆಂದರೆ ಅದೂ ಸುಳ್ಳು. ಫೋನ್ ಹಚ್ಚಿ "ಹಿಂಗ ಐತಿ, ಕೊಡೂಣೇನ?" ಎಂದು ಒಂದು ಮಾತು ಕೇಳಿದ್ದರೆ ರೊಟ್ಟಿ ಬಡಿಯುತ್ತಲೇ ಹೂಂ ಅಂದುಬಿಡುತ್ತಿದ್ದೆ. ಕೇಳಲಿಲ್ಲ. ಕೇಳುವುದರ ಬದಲು ಸಮುದ್ರ ದಾಟಿ ಬಂದು, ಈಗ ನನ್ನ ಸೋಫಾದ ಮೇಲೆ ಕೂತು ಕಾಂಗರೂ ಯಾವಾಗ ತೋರಿಸುತ್ತೀರಿ ಎಂದು ಕೇಳುತ್ತಿದ್ದ.

ಕಾಗದವನ್ನು ಇದ್ದ ಹಾಗೇ ಇಟ್ಟೆ. ಅಣ್ಣ ಬಾಯಿಬಿಟ್ಟು ಹೇಳಿದರೆ ಅದೇ ದಿನ ಹೋಗಿ ಸಹಿ ಮಾಡುತ್ತೇನೆ, ಹೇಳದಿದ್ದರೆ ಬಂದ ದಾರಿಗೆ ಸುಂಕವಿಲ್ಲ ಎಂದು ವಾಪಸು ಕಳಿಸುತ್ತೇನೆ ಅಂತ ನಿಶ್ಚಯ ಮಾಡಿದೆ. ಗಂಡನಿಗೆ ಹೇಳಿದೆ. "ಅದು ನಿಮ್ಮ ಮನೀ ಮಾತು, ನಾ ನಡಕ ಬರೂದಿಲ್ಲ" ಎಂದು ಕಾರಿನ ಚಕ್ರಕ್ಕೆ ಗಾಳಿ ತುಂಬಿಸಲು ಹೋದ. ಅವನು ನಡುವೆ ಬರದ ವಿಷಯಗಳ ಪಟ್ಟಿ ಬಹಳ ಉದ್ದ ಇದೆ.

ಮುಂದಿನ ಎರಡು ವಾರ ನಾವು ನಾಲ್ಕು ಜನ ಆ ಕಾಗದವೊಂದನ್ನು ಬಿಟ್ಟು ಕ್ವೀನ್ಸ್‌ಲ್ಯಾಂಡಿನ ಬಾಕಿ ಎಲ್ಲವನ್ನೂ ನೋಡಿದೆವು.

ಮೊದಲು ಕಾಂಗರೂ. ಬೇಲಿಯೊಳಗೆ ಇಪ್ಪತ್ತು ಕಾಂಗರೂ ಮಲಗಿದ್ದವು. ಅಣ್ಣ ಒಂದರ ಮುಂದೆ ಕೈಕಟ್ಟಿ ನಿಂತು ಒಂದು ನಿಮಿಷ ನೋಡಿದ. "ಹೊಲಕ್ಕ ಇವು ಬಿದ್ರ ಬೆಳಿ ಉಳಿಯಂಗಿಲ್ಲ" ಎಂದು ತೀರ್ಪು ಕೊಟ್ಟು ಮುಂದೆ ನಡೆದ. ಯಾವುದಕ್ಕಾಗಿ ಅಷ್ಟು ದೂರ ಬಂದಿದ್ದನೋ ಆ ಪ್ರಾಣಿಗೆ ಸಿಕ್ಕ ಗೌರವ ಅಷ್ಟೇ. ಆಮೇಲೆ ಕೊವಾಲಾ, ಮರದ ಮೇಲಿರುವ ಪುಟ್ಟ ಕರಡಿಯಂಥ ಪ್ರಾಣಿ. ದಿನದ ಬಹುಪಾಲು ಅದು ನಿದ್ದೆ ಮಾಡುತ್ತದೆ ಎಂದು ಫಲಕ ಓದಿ ಹೇಳಿದೆ. "ಇಂಥಾವ ನಮ್ಮ ಕಡೆ ಆಫೀಸಿನ್ಯಾಗ ಕುರ್ಚಿ ಮ್ಯಾಲ ಕುಂತಿರತಾವ" ಅಂದ ಅಣ್ಣ. ವೈನಿ ಮಾತ್ರ ಕೊವಾಲಾದ ಮುಂದೆ ಬಹಳ ಹೊತ್ತು ನಿಂತಳು. ನಲವತ್ತು ಜನರಿಗೆ ರೊಟ್ಟಿ ಬಡಿದು ಬೆಳೆದ ಹೆಂಗಸು, ಅದನ್ನು ನೋಡುತ್ತಾ "ಪುಣ್ಯಾ ಮಾಡೇತಿ" ಅಂದಳು.

ಸಮುದ್ರಕ್ಕೆ ಕರೆದೊಯ್ದೆವು. ಬೇಸಿಗೆ, ರಜೆ, ಮರಳಿನ ತುಂಬ ಜನ, ಜನರ ಮೈಮೇಲೆ ಬಟ್ಟೆ ಕಡಿಮೆ. ಅಣ್ಣ ಸಮುದ್ರಕ್ಕೆ ಬೆನ್ನು ಮಾಡಿ ನಿಂತವನು ಒಂದು ತಾಸು ಎದುರಿನ ಎತ್ತರದ ಕಟ್ಟಡವನ್ನೇ ನೋಡಿದ. ಎಷ್ಟು ಅಂತಸ್ತು ಎಂದು ಕೇಳಿದ್ದರೆ ತಪ್ಪಿಲ್ಲದೆ ಹೇಳುತ್ತಿದ್ದ. ವೈನಿ ಇಳಕಲ್ ಸೀರೆಯನ್ನು ಮೊಣಕಾಲವರೆಗೆ ಎತ್ತಿ ಹಿಡಿದು ನೀರಿಗಿಳಿದು, "ಹಮ್ಮಿಗಿ ಹೊಳಿ ತುಂಬಿದಾಗ ಹಿಂಗ ಕಾಣತೈತಿ, ಆದರ ಅಲ್ಲಿ ಮಂದಿ ಮೈತುಂಬ ಅರಿವಿ ಹಾಕ್ಕೊಂಡಿರತಾರ" ಅಂದಳು. ಆಮೇಲೆ ಬಂದು ಮರಳಿನ ಮೇಲೆ ಕೂತು ರೊಟ್ಟಿ ಗಂಟು ಬಿಚ್ಚಿದಳು. ಯಾವ ನೋಡತಕ್ಕ ಸ್ಥಳವೇ ಇರಲಿ, ಅಲ್ಲಿ ಮುಟ್ಟಿದ ಹತ್ತನೇ ನಿಮಿಷಕ್ಕೆ ವೈನಿಗೆ ಅದು ಬುತ್ತಿ ಬಿಚ್ಚುವ ಜಾಗ.

ಬ್ರಿಸ್ಬೇನಿಗೆ ಹೋದಾಗ ಅಣ್ಣ ಒಮ್ಮೆಲೇ ಚುರುಕಾದ. ಹೊಳೆ, ಸೇತುವೆ, ದೊಡ್ಡ ತಿರುಗುವ ಚಕ್ರ, ಯಾವುದೂ ಅವನ ಕಣ್ಣಿಗೆ ಬೀಳಲಿಲ್ಲ. "ನಮ್ಮ ದೇಶದ್ದು ಆಫೀಸ ಇಲ್ಲೇ ಎಲ್ಲರ ಇರತೈತೇನು?" ಎಂದು ನನ್ನ ಗಂಡನನ್ನು ಕೇಳಿದ.

"ಐತಿ ಮಾವಾರ. ಯಾಕ್ರಿ?"

"ಸುಮ್ಮನ. ನೋಡಾಕ ಚಲೋ ಇರತೈತೇನೋ ಅಂತ."

ನಮ್ಮ ದೇಶದ ಸರಕಾರಿ ಕಚೇರಿಯನ್ನು ಚಂದ ನೋಡಲು ಹೋಗಬೇಕೆಂದ ಪ್ರವಾಸಿ ಜಗತ್ತಿನಲ್ಲಿ ನನ್ನ ಅಣ್ಣ ಒಬ್ಬನೇ ಇರಬೇಕು. ಗಂಡ ನನ್ನ ಕಡೆ ನೋಡಿದ. ನಾನು ಹೊಳೆಯ ಕಡೆ ನೋಡಿದೆ. ಅವತ್ತು ಭಾನುವಾರ, ಕಚೇರಿ ಬಂದ್. ಅದೊಂದು ಸಮಾಧಾನ.

ಇನ್ನೊಂದು ದಿನ ಉತ್ತರಕ್ಕೆ ಹೊರಟಾಗ ಗುಡ್ಡದ ಮೇಲೆ ಸಾಲಾಗಿ ಗಾಳಿ ಫ್ಯಾನುಗಳು ಕಂಡವು. ಬಿಳೀ ಕಂಬ, ಮೂರು ರೆಕ್ಕೆ, ಥೇಟ್ ಕಪ್ಪತಗುಡ್ಡದ ಮೇಲಿನವೇ. ಅಣ್ಣ ತನ್ನ ಚಪ್ಪಲಿ ನೋಡತೊಡಗಿದ. ವೈನಿ ತಟ್ಟನೆ ಇನ್ನೊಂದು ಕಿಟಕಿಯ ಕಡೆ ಕೈ ಮಾಡಿ "ಅಲ್ಲಿ ಕಾಂಗರೂ ಐತಿ" ಅಂದಳು. ಅಲ್ಲಿ ಒಂದು ನೀರಿನ ಟಾಕಿ ಇತ್ತು. ನಾವೆಲ್ಲ ಆ ಟಾಕಿಯನ್ನು ಬಹಳ ಶ್ರದ್ಧೆಯಿಂದ ನೋಡಿದೆವು.

ನಾನೂ ಸುಮ್ಮನಿರಲಿಲ್ಲ. ದಿನಾ ಊಟದ ಹೊತ್ತಿಗೆ ಒಂದು ಬಲೆ ಹಾಸುತ್ತಿದ್ದೆ. "ಅಣ್ಣಾ, ಡೋಣಿ ಹೊಲ ಹೆಂಗೈತಿ?"

"ಐತಿ."

"ಈ ಸಲ ಏನ್ ಹಾಕೀ?"

"ಕಡ್ಲಿ." ಎರಡು ತುತ್ತು ತಿಂದು, "ಬದನೀಕಾಯಿ ಪಲ್ಯಾ ಚಲೋ ಆಗೇತಿ" ಎನ್ನುತ್ತಿದ್ದ.

ಇಪ್ಪತ್ತು ವರ್ಷದಲ್ಲಿ ನನ್ನ ಅಡುಗೆಯನ್ನು ಅವನು ಹೊಗಳಿದ್ದು ಇಲ್ಲ. ಆ ಎರಡು ವಾರದಲ್ಲಿ ಹನ್ನೊಂದು ಸಲ ಹೊಗಳಿದ. ಪ್ರತಿ ಹೊಗಳಿಕೆಗೂ ನನ್ನ ಸಿಟ್ಟು ಒಂದು ಡಿಗ್ರಿ ಏರುತ್ತಿತ್ತು. ವೈನಿ ಅಡುಗೆಮನೆಯಲ್ಲಿ ನನ್ನ ಜೊತೆ ನಿಂತಾಗ ಏನೋ ಹೇಳಲು ಬಾಯಿ ತೆರೆಯುತ್ತಿದ್ದಳು, ಹೊರಗೆ ಅಣ್ಣ ಕೆಮ್ಮಿದರೆ ಮುಚ್ಚುತ್ತಿದ್ದಳು. ಅವಳನ್ನು ಕೆದಕಿ ಕೇಳಬಹುದಿತ್ತು. ಆದರೆ ನನಗೆ ಬೇಕಾಗಿದ್ದದ್ದು ಅವಳ ಮಾತಲ್ಲ.

ಅಷ್ಟರಲ್ಲಿ ಒಂದು ಸಂಜೆ ಗಂಡ ನಮ್ಮನ್ನು ಊರ ಹೊರಗೆ ಪಿಟ್ಸ್‌ವರ್ತ್ ಹಾದಿಗೆ ಕರೆದೊಯ್ದ. ತಾನು ರಿಪೇರಿ ಮಾಡುವ ಯಂತ್ರಗಳು ಓಡಾಡುವ ಹೊಲ ತೋರಿಸಬೇಕೆಂದು ಅವನಿಗೆ ಆಸೆ. ಹಾದಿಯ ಬದಿಗೆ ಬೇಲಿ ಇಲ್ಲದ ಕರೀ ಎರೆಭೂಮಿ, ಕಣ್ಣು ಮುಟ್ಟುವ ತನಕ ಜೋಳ. ಅಣ್ಣ ಓಡುವ ಕಾರಿನ ಬಾಗಿಲಿಗೆ ಕೈಹಾಕಿದ. ನಿಲ್ಲಿಸಬೇಕಾಯಿತು. ಇಳಿದು ಒಂದು ಹಿಡಿ ಮಣ್ಣು ತೆಗೆದುಕೊಂಡ, ಹಿಚುಕಿದ, ಮೂಸಿದ, ಕೂತೇಬಿಟ್ಟ. "ನಮ್ಮದ ಮಣ್ಣಿದು" ಅಂದ. ಕಾಂಗರೂಗೆ ಒಂದು ನಿಮಿಷ ಕೊಟ್ಟವನು ಆ ಮಣ್ಣಿಗೆ ಮುಕ್ಕಾಲು ತಾಸು ಕೊಟ್ಟ. ಜೋಳ ಗಿಡ್ಡ, ಸೊಂಟದ ಮಟ್ಟ, ತೆನೆ ಕೆಂಪಾಗುತ್ತಿತ್ತು. ದನಕ್ಕೆ ಕಣಿಕೆ ಏನು ಸಿಗುತ್ತದೆ ಇದರಿಂದ ಎಂದು ಬೈದ. ಕಣಿಕೆ ಅಲ್ಲ ಮಾವಾರ, ಇಲ್ಲಿ ಕಾಳನ್ನೇ ದನಕ್ಕೆ ಹಾಕುತ್ತಾರೆ, ಮನುಷ್ಯರು ತಿನ್ನುವುದಿಲ್ಲ ಎಂದು ಗಂಡ ಹೇಳಿದಾಗ ಅಣ್ಣ, ವೈನಿ ಇಬ್ಬರೂ ಮನೆಯಲ್ಲಿ ಸಾವಾದವರಂತೆ ಮುಖ ಮಾಡಿದರು. ವಾಪಸು ಬರುವಾಗ ಅಣ್ಣ ಹೇಳಿದ, "ಅಮಾಸಿ ದಿನ ಚರಗಾ ಇಲ್ಲೇ ಚೆಲ್ಲೂಣು."

ಎಳ್ಳಮಾವಾಸ್ಯೆಯ ದಿನ ನಮ್ಮ ಕಡೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಐದು ಕಲ್ಲು ಇಟ್ಟು ಪಾಂಡವರೆಂದು ಪೂಜಿಸಿ, ಮಾಡಿದ ಅಡುಗೆಯನ್ನೆಲ್ಲ ಸ್ವಲ್ಪ ಸ್ವಲ್ಪ ಕಲಸಿ, ಕೂಗುತ್ತಾ ಬೆಳೆಯ ಮೇಲೆ ಎರಚುತ್ತಾರೆ. ಭೂಮಿತಾಯಿ ಬಸುರಿ, ಅವಳ ಬಯಕೆಯ ಊಟ ಅದು. ಅದೇ ಚರಗ. ತಮ್ಮ ತಮ್ಮ ಹೊಲದಲ್ಲಿ ತಾವು ಚೆಲ್ಲುವುದು ಪದ್ಧತಿ. ಗುರುತು ಪರಿಚಯವಿಲ್ಲದ ಬಿಳಿಯನ ಹೊಲದಲ್ಲಿ ಚೆಲ್ಲುವುದು ನಮ್ಮಣ್ಣ ಹಾಕಿಕೊಟ್ಟ ಪದ್ಧತಿ. ಬೇಡ ಎಂದೆ, ಇದು ಇನ್ನೊಬ್ಬರ ಹೊಲ, ಕೇಳಬೇಕು ಎಂದೆ. "ಊಟಾ ಹಾಕಾಕ ಯಾರನ್ನ ಕೇಳಬೇಕು" ಅಂದ.

ಅವತ್ತು ವೈನಿ ನಸುಕಿನಲ್ಲೇ ಎದ್ದಳು. ಇಲ್ಲಿನ ಅಂಗಡಿಯ ಎಳ್ಳು ಹಚ್ಚಿ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಕಡುಬು, ಎಣ್ಣೆಗಾಯಿ ಮಾಡಿದಳು. ಡೋಣಿಯಲ್ಲಿ ಹನ್ನೆರಡು ಹೊಡೆದಾಗಲೇ ಇಲ್ಲಿಯೂ ಚೆಲ್ಲಬೇಕೆಂದು ಅಣ್ಣನ ಹಟ. ಅಂದರೆ ನಮ್ಮ ಗಡಿಯಾರದಲ್ಲಿ ಸಂಜೆ ನಾಲ್ಕೂವರೆ. ಹೊಲಕ್ಕೆ ಮುಟ್ಟಿದೆವು. ಆ ಎರೆಯಲ್ಲಿ ಬೆರಳುಗಾತ್ರದ ಕಲ್ಲೂ ಇರಲಿಲ್ಲ, ಪಾಂಡವರನ್ನು ಡಾಂಬರು ರಸ್ತೆಯ ಅಂಚಿನಿಂದ ಹೆಕ್ಕಿ ತಂದೆವು. ಸುಣ್ಣದ ಬದಲು ವೈನಿ ಅವರಿಗೆ ಮುಖಕ್ಕೆ ಹಚ್ಚುವ ಪೌಡರ್ ಬಳಿದಳು.

ಆಗ ಊರಿಂದ ವಿಡಿಯೋ ಕಾಲ್ ಬಂತು. ಅಣ್ಣನ ಮಗ ನಮ್ಮ ಹೊಲದಲ್ಲಿ ಚರಗ ಚೆಲ್ಲುತ್ತಾ ತೋರಿಸುತ್ತಿದ್ದ. ಕಡಲೆ, ಬನ್ನಿ ಗಿಡ, ಹಿಂದೆ ಗುಡ್ಡ. ಫೋನು ಸ್ವಲ್ಪ ಹೊರಳಿತು. ಹೊಲದ ನಟ್ಟನಡುವೆ, ಲಾರಿ ಹೋಗುವಷ್ಟು ಅಗಲಕ್ಕೆ ಕೆಂಪು ಗರಸು ಮಣ್ಣು ಹಾಕಿದ ಹಾದಿ. ಹೊಸದು. ಎರಡೂ ಬದಿಗೆ ಕಡಲೆ ಹಾಗೇ ನಿಂತಿತ್ತು.

"ಫೋನ ಕೆಳಗ ಹಿಡಿಯೋ" ಅಂದ ಅಣ್ಣ. ಮತ್ತೆ ನನ್ನ ಕಡೆ ನೋಡದೆ, "ನೆಟ್ವರ್ಕ ಬರವಲ್ದು" ಎಂದು ಕಾಲ್ ಕಡಿದ.

ನಾನು ನೋಡಿದ್ದೆ. ಅವನಿಗೂ ಗೊತ್ತಿತ್ತು. ಆದರೂ ಚರಗದ ಬುಟ್ಟಿ ಹಿಡಿದು ಜೋಳದೊಳಗೆ ಇಳಿದ. "ಹುಲ್ಲುಲ್ಲಿಗೋ" ಎಂದು ಕೂಗಿ ಬಲಕ್ಕೊಂದು ಹಿಡಿ, ಎಡಕ್ಕೊಂದು ಹಿಡಿ ಎರಚಿದ. ಹಿಂದೆ ವೈನಿ ತಂಬಿಗೆಯಿಂದ ನೀರು ಚಿಮುಕಿಸುತ್ತಾ ಹೋದಳು. ಅವನ ದನಿ ಮಾತ್ರ ಡೋಣಿಯದೇ ದನಿ, ನಮ್ಮಪ್ಪನದೇ. ಅವನ ಜೊತೆ ನಾನೂ ಕೂಗಬೇಕೆನಿಸಿತು, ಅದೇ ಹೊತ್ತಿಗೆ ಆ ಬುಟ್ಟಿಯನ್ನು ಅವನ ತಲೆಯ ಮೇಲೆ ಬೋರಲು ಹಾಕಬೇಕೆಂದೂ ಅನಿಸಿತು. ಎರಡೂ ಖರೆ.

ಮೂರನೇ ಸಾಲಿಗೆ ಹೋಗುವಷ್ಟರಲ್ಲಿ ಧೂಳೆಬ್ಬಿಸುತ್ತಾ ಒಂದು ಪಿಕಪ್ ಗಾಡಿ ಬಂದು ನಿಂತಿತು. ಇಳಿದವನು ದೊಡ್ಡ ಹ್ಯಾಟಿನ, ಎಪ್ಪತ್ತರ ಆಸುಪಾಸಿನ ಮುದುಕ, ಹೊಲದ ಮಾಲೀಕ. ಬೈಯಲಿಲ್ಲ. ಧೋತರ ಉಟ್ಟು ತನ್ನ ಜೋಳಕ್ಕೆ ಹೋಳಿಗೆ ಎರಚುತ್ತಿದ್ದ ಗಂಡಸನ್ನು ಬಹಳ ಹೊತ್ತು ನೋಡಿದ. ಆಮೇಲೆ ಅದೇನು, ಅದರಲ್ಲಿ ಬೀಜ ಗೀಜ ಇದೆಯೇ, ಯಾರನ್ನು ಕೇಳಿ ನನ್ನ ಹೊಲಕ್ಕೆ ಇಳಿದಿರಿ ಎಂದು ಕೇಳಿದ. ಎಲ್ಲ ಬೇಯಿಸಿದ ಅಡುಗೆ, ನಮ್ಮಲ್ಲಿ ಇವತ್ತು ಭೂಮಿಗೆ ಊಟ ಹಾಕುವ ದಿನ ಎಂದು ಹೇಳಿದೆ. ಕೊನೆಯ ಪ್ರಶ್ನೆಯನ್ನು ಅಣ್ಣನಿಗೇ ಬಿಟ್ಟೆ.

"ಏನಂತಾನ?" ಅಂದ ಅಣ್ಣ.

"ಯಾರನ್ನ ಕೇಳಿ ಇಳದ್ರಿ ಅಂತಾನ."

ಅಣ್ಣನ ಮುಖ ಸಣ್ಣದಾಯಿತು. ಬುಟ್ಟಿ ಕೆಳಗಿಟ್ಟು ಜೋಳದಿಂದ ಹೊರಗೆ ಬಂದ. "ಖರೆ ಐತಿ ಅವಂದು. ನನ್ನ ಹೊಲದಾಗ ಯಾರರ ಹಿಂಗ ಮಾಡಿದ್ರ ನಾ ಬಡಿಗಿ ತಗೋತಿದ್ದೆ. ತಪ್ಪಾತು ಅಂತ ಹೇಳ ತಂಗಿ. ಹೊಲ ನಿಂದು, ನಿನ್ನ ಕೇಳಬೇಕಾಗಿತ್ತು, ಕೇಳಲಿಲ್ಲ, ಮನಸಿಗೆ ಹಚಗೋಬ್ಯಾಡ ಅಂತ ಹೇಳು." ಹೇಳಿ ಆ ಮುದುಕನಿಗೆ ಎರಡೂ ಕೈ ಜೋಡಿಸಿದ.

ಒಂದು ಶಬ್ದವೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ಆಮೇಲೆ ಅಣ್ಣನ ಕಡೆ ತಿರುಗಿದೆ.

"ಅವಗ ಹೇಳಿದೆ. ಇನ್ನ ನನಗ ಹೇಳು."

ಗಂಡ ಕಾರಿನ ಚಕ್ರ ನೋಡಲು ಹೋದ. ವೈನಿ ಖಾಲಿ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. "ಹೇಳ್ರಿ" ಅಂದಳು ಅಣ್ಣನಿಗೆ. "ಎಷ್ಟ ದಿನಾ ಅಂತ ಹೊತ್ಕೊಂಡ ತಿರಗತೀರಿ."

ಅಣ್ಣ ಅಂಗಿಯ ಒಳಜೇಬಿಗೆ ಕೈ ಹಾಕಿದ. ಕವರು ಅಲ್ಲೇ ಇತ್ತು. ಚರಗಕ್ಕೂ ಅದನ್ನು ಇಟ್ಟುಕೊಂಡೇ ಬಂದಿದ್ದ.

"ಇದರಾಗ ನಿನ್ನ ಸಹಿ ನಾನ ಮಾಡೀನಿ."

"ನೋಡೀನಿ."

"ಯಾವಾಗ?"

"ನೀವು ಬಂದ ಮೂರನೇ ದಿನ."

"ಮತ್ತ ಇಷ್ಟ ದಿನಾ ಸುಮ್ಮನ ಇದ್ದಿ?"

"ನೀನೂ ಸುಮ್ಮನ ಇದ್ದಿ."

ಅವನು ಕರೀ ಮಣ್ಣು ನೋಡುತ್ತಾ ನಿಂತ. "ಕಂಪನಿಯವರು ಜಲ್ದಿ ಮಾಡಿದ್ರು. ಬಾಜೂ ಹೊಲದವರೆಲ್ಲಾ ಕೊಟ್ರು. ನೀ ದೂರ ಇದ್ದಿ, ನಿನಗೇನ ಗೊತ್ತಾಗತೈತಿ, ತಂಗಿ ನಾ ಅಂದಂಗ ಅಂತಾಳ ಅಂತ ಮಾಡಿಬಿಟ್ಟೆ. ಆಮ್ಯಾಲ ನಿನಗ ಹೇಳಾಕ ಬಾಯಿ ಬರಲಿಲ್ಲ." ಮುದುಕನಿಗೆ ಜೋಡಿಸಿದ್ದ ಕೈಗಳನ್ನು ನನ್ನ ಕಡೆ ಜೋಡಿಸಿದ. "ತಪ್ಪಾತು."

ಹೊಲದ ಮಾಲೀಕ ಇದೆಲ್ಲ ತನಗೇ ಕೇಳುತ್ತಿರುವ ಕ್ಷಮೆಯ ಮುಂದುವರಿದ ಭಾಗ ಎಂದುಕೊಂಡ. ಪಾಪ, ಇಷ್ಟು ದೀರ್ಘವಾಗಿ ಯಾರೂ ಅವನಲ್ಲಿ ತಪ್ಪೊಪ್ಪಿಕೊಂಡಿರಲಿಕ್ಕಿಲ್ಲ. "ನೋ ವರೀಸ್" ಎಂದು ಅಣ್ಣನ ಹೆಗಲು ತಟ್ಟಿದ. ನಾನು ಕೊಡಬೇಕಾದದ್ದನ್ನೂ ಅವನೇ ಕೊಟ್ಟು ಮುಗಿಸಿದ.

"ಏನಂದಾ?" ಅಂದ ಅಣ್ಣ.

"ಇರಲಿ ಬಿಡು ಅಂದಾ."

ಅಣ್ಣ ತಲೆಯಾಡಿಸಿದ. ಕವರನ್ನು ನನ್ನ ಕೈಗೆ ಕೊಟ್ಟ. ಒಳಗಿನ ಎರಡೂ ಕಾಗದ ಬೆವರಿಗೆ ಮೆತ್ತಗಾಗಿದ್ದವು.

"ಹಾದಿ ಮಾಡ್ಯಾರ. ಫ್ಯಾನ್ ಇನ್ನಾ ನಿಲ್ಲಿಸಿಲ್ಲ. ಬ್ಯಾಡಂದ್ರ ಇನ್ನೂ ಬ್ಯಾಡ ಅನ್ನಾಕ ಬರತೈತಿ. ಕೊಡೂಣೋ ಬ್ಯಾಡೋ, ನೀ ಏನಂತಿ?"

ನಲವತ್ತು ವರ್ಷದಲ್ಲಿ ಆ ಹೊಲದ ವಿಷಯವಾಗಿ ನಮ್ಮ ಮನೆಯಲ್ಲಿ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ಕಡಲೆ ಹಾಕೋಣವೋ ಜೋಳ ಹಾಕೋಣವೋ ಎಂದು ಕೂಡ ಕೇಳಿರಲಿಲ್ಲ. ಎರಡು ವಾರದಿಂದ ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡು ಕಾದಿದ್ದ ಹೂಂ ಒಂದೇ ನನ್ನ ಉತ್ತರ ಎಂದು ತಿಳಿದಿದ್ದೆ. ಅಣ್ಣ ಕಾಯುತ್ತಾ ನಿಂತಿದ್ದ, ವೈನಿ ಕಾಯುತ್ತಿದ್ದಳು, ಏನೂ ತಿಳಿಯದ ಆ ಮುದುಕನೂ ನನ್ನ ಬಾಯಿಯನ್ನೇ ನೋಡುತ್ತಿದ್ದ. ಹೂಂ ಬರಲಿಲ್ಲ.

"ವಿಚಾರ ಮಾಡಿ ಹೇಳತೀನಿ" ಅಂದೆ.